ಮೂರ್ ಥಿಯೇಟರಿನ ಒಂದು ರಾತ್ರಿ: ಮ್ಯಾಡ್ ಸೀಸನ್ ಬ್ಯಾಂಡಿನ ಕತೆ

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಿಂದ ಮಾತಾಡ್ತಿದ್ದೀನಿ. ಹೊಸದುರ್ಗ, ಹಿರಿಯೂರು, ದುರ್ಗದ ಕಡೆಯಿಂದ ಕೇಳ್ತಿರೋರಿಗೆ, ಬೆಂಗಳೂರಿನ ಪಿಜಿ ರೂಮಲ್ಲಿ ಇಯರ್‌ಫೋನ್ ಸಿಕ್ಕಿಸ್ಕೊಂಡು ಮಲಗಿರೋ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ಕತೆ ನಮ್ಮ ಜಿಲ್ಲೆಯದ್ದಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಊರಿನದ್ದು. ದಿನ 1995ರ ಏಪ್ರಿಲ್ 29, ಶನಿವಾರ. ಮೂರ್ ಥಿಯೇಟರ್ ಅನ್ನೋ ಹಳೇ ರಂಗಮಂದಿರದಲ್ಲಿ ಮ್ಯಾಡ್ ಸೀಸನ್ ಅನ್ನೋ ಬ್ಯಾಂಡ್ ಹಾಡಿತು. ಅದನ್ನ ಕ್ಯಾಮೆರಾ ಇಟ್ಟು ಚಿತ್ರೀಕರಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ‘ಲೈವ್ ಅಟ್ ದ ಮೂರ್’ ಅಂತ ವಿಎಚ್‌ಎಸ್ ಕ್ಯಾಸೆಟ್ ಬಂತು. ಆ ಬ್ಯಾಂಡ್ ಬಿಟ್ಟುಹೋದದ್ದು ಅಷ್ಟೇ: ಒಂದು ಆಲ್ಬಮ್, ಒಂದು ಕಾನ್ಸರ್ಟ್ ಫಿಲ್ಮ್. ವೇದಿಕೆ ಹತ್ತಿದ್ದು ಬೆರಳೆಣಿಕೆಯಷ್ಟು ಸಲ.

ಇಷ್ಟು ಚಿಕ್ಕ ಆಯಸ್ಸಿನ ಬ್ಯಾಂಡ್ ಬಗ್ಗೆ ಒಂದು ಪೂರ್ತಿ ಸಂಚಿಕೆ ಯಾಕೆ ಅಂದ್ರೆ, ಇದು ಹಣಕ್ಕೋ ಹೆಸರಿಗೋ ಕಟ್ಟಿದ ಬ್ಯಾಂಡ್ ಅಲ್ಲ. ಚಟದಿಂದ ಆಚೆ ಬರೋಕೆ ಕಟ್ಟಿದ ಬ್ಯಾಂಡ್. ಒಬ್ಬ ಗೆಳೆಯನನ್ನ ಉಳಿಸ್ಕೊಳ್ಳೋಣ ಅಂತ ಕಟ್ಟಿದ್ದು. ಆ ಪ್ರಯತ್ನ ನಡೀತಿದ್ದ ದಿನಗಳ ಒಂದು ರಾತ್ರಿ ಈ ಫಿಲ್ಮಲ್ಲಿದೆ. ಮುಂದೆ ಏನಾಯ್ತು ಅಂತ ನಮಗೆ ಗೊತ್ತು, ಫಿಲ್ಮಲ್ಲಿ ಹಾಡ್ತಿರೋರಿಗೆ ಗೊತ್ತಿಲ್ಲ. ಈ ವ್ಯತ್ಯಾಸದ ಬಗ್ಗೆಯೇ ಇವತ್ತು ನನ್ನ ಮಾತು.

ಸೂಪರ್‌ಗ್ರೂಪ್ ಅಂದ್ರೆ ಏನು?

ಮೊದಲು ಪದ ಅರ್ಥ ಮಾಡ್ಕೊಳ್ಳೋಣ. ಬೇರೆ ಬೇರೆ ಬ್ಯಾಂಡ್‌ಗಳಲ್ಲಿ ಆಗಲೇ ಹೆಸರು ಮಾಡಿದವರು ಸೇರಿ ಹೊಸದಾಗಿ ಒಂದು ಬ್ಯಾಂಡ್ ಮಾಡಿದ್ರೆ ಅದನ್ನ ಸೂಪರ್‌ಗ್ರೂಪ್ ಅಂತಾರೆ.

ನಮ್ಮ ಕಡೆಯವರಿಗೆ ಇದನ್ನ ವಿವರಿಸೋದು ಸುಲಭ. ಹಳ್ಳಿಯಲ್ಲಿ ಜಾತ್ರೆಗೋ ಹಬ್ಬಕ್ಕೋ ‘ಕುರುಕ್ಷೇತ್ರ’ ನಾಟಕ ಹಾಕ್ತಾರಲ್ಲ, ಆಗ ಏನಾಗುತ್ತೆ? ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ತಗೊಂಡು ಬರ್ತಾರೆ. ದುರ್ಯೋಧನನ ಪಾತ್ರಕ್ಕೆ ಒಂದೂರಿನವನು, ಕೃಷ್ಣನಿಗೆ ಇನ್ನೊಂದೂರಿನ ಒಳ್ಳೇ ಕಂಠದವನು, ಶಕುನಿಗೆ ಮತ್ತೊಬ್ಬ. ತಿಂಗಳುಗಟ್ಟಲೆ ತಾಲೀಮು. ಆಮೇಲೆ ಒಂದು ರಾತ್ರಿ, ಬೆಳಗಿನ ಜಾವದ ತನಕ ಆಟ. ಮಾರನೇ ದಿನ ಸೀನರಿ ಬಿಚ್ಚಿ ಲಾರಿಗೆ ತುಂಬಿದ್ರೆ ಆ ತಂಡ ಮುಗೀತು. ಅದೇ ಜನ ಅದೇ ಪಾತ್ರಗಳಲ್ಲಿ ಮತ್ತೆ ಸೇರ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ಆದ್ರೆ ಆ ರಾತ್ರಿ ನೋಡಿದವರು ಇಪ್ಪತ್ತು ವರ್ಷ ಮಾತಾಡ್ತಾರೆ.

ಮ್ಯಾಡ್ ಸೀಸನ್ ಅಂಥ ಒಂದು ತಂಡ ಅನ್ಕೊಳ್ಳಿ. ಆದರೆ ಇವರನ್ನ ಸೇರಿಸಿದ್ದು ಹಬ್ಬ ಅಲ್ಲ. ಒಂದು ಚಿಕಿತ್ಸಾ ಕೇಂದ್ರ.

ಸಿಯಾಟಲ್, 1990ರಿಂದ 1994

ಸಿಯಾಟಲ್ ಅಂದ ತಕ್ಷಣ ಇವತ್ತು ನಮ್ಮ ಹುಡುಗರಿಗೆ ನೆನಪಾಗೋದು ಅಮೆಜಾನ್, ಮೈಕ್ರೋಸಾಫ್ಟ್. ಅಲ್ಲಿ ಕೆಲಸ ಮಾಡೋ ಕನ್ನಡದ ಕುಟುಂಬಗಳು ಬೇಕಾದಷ್ಟಿವೆ. ತೊಂಬತ್ತರ ದಶಕದ ಶುರುವಲ್ಲಿ ಮಾತ್ರ ಜಗತ್ತಿಗೆ ಆ ಊರು ಗೊತ್ತಾಗಿದ್ದು ಗ್ರಂಜ್ ಸಂಗೀತದಿಂದ. ಹೆವಿ ಮೆಟಲ್‌ನ ಭಾರ, ಪಂಕ್‌ನ ಒರಟುತನ ಎರಡೂ ಸೇರಿದ ಸಂಗೀತ. ಹೊಳೆಯೋ ಬಟ್ಟೆ ಇಲ್ಲ, ಮೇಕಪ್ ಇಲ್ಲ. ಚೌಕಳಿ ಅಂಗಿ, ಹರಿದ ಜೀನ್ಸ್. ಹಾಡಿನ ವಿಷಯ ಬಹಳ ಸಲ ಒಂಟಿತನ, ಸಿಟ್ಟು, ನೋವು.

1990ರ ಆಗಸ್ಟ್‌ನಲ್ಲಿ ಆಲಿಸ್ ಇನ್ ಚೈನ್ಸ್ ಬ್ಯಾಂಡಿನ ‘ಫೇಸ್‌ಲಿಫ್ಟ್’ ಬಂತು. 1991ರ ಆಗಸ್ಟ್‌ನಲ್ಲಿ ಪರ್ಲ್ ಜ್ಯಾಮ್‌ನ ‘ಟೆನ್’. ಮರುತಿಂಗಳೇ ನಿರ್ವಾಣದ ‘ನೆವರ್‌ಮೈಂಡ್’. ಒಂದೆರಡು ವರ್ಷದ ಒಳಗೆ ಸ್ಥಳೀಯ ಕ್ಲಬ್‌ಗಳಲ್ಲಿ ಬಾರಿಸ್ತಿದ್ದ ಹುಡುಗರು ಲೋಕಪ್ರಸಿದ್ಧರಾದರು.

ಜೊತೆಗೆ ಹೆರಾಯಿನ್ ಕೂಡ ಆ ಊರನ್ನ ಹಿಡಿದಿತ್ತು. 1990ರ ಮಾರ್ಚ್‌ನಲ್ಲೇ ಮದರ್ ಲವ್ ಬೋನ್ ಬ್ಯಾಂಡಿನ ಗಾಯಕ ಆಂಡ್ರೂ ವುಡ್ ಅದರಿಂದ ತೀರಿಕೊಂಡಿದ್ದ. ಅವನ ರೂಮ್‌ಮೇಟ್ ಆಗಿದ್ದ ಕ್ರಿಸ್ ಕಾರ್ನೆಲ್, ಗೆಳೆಯನ ನೆನಪಿಗೆ ಹಾಡು ಬರೆದ. ಆ ಹಾಡುಗಳಿಗಾಗಿ ಸೇರಿದ ತಂಡವೇ ಟೆಂಪಲ್ ಆಫ್ ದ ಡಾಗ್. ಅದೂ ಒಂದು ಸೂಪರ್‌ಗ್ರೂಪ್, ಅದೂ ಒಂದೇ ಆಲ್ಬಮ್, 1991ರಲ್ಲಿ. ಅದರಲ್ಲಿ ಗಿಟಾರ್ ಬಾರಿಸಿದವನು ಮೈಕ್ ಮೆಕ್ರೆಡಿ. ಈ ಹೆಸರು ನೆನಪಿಟ್ಕೊಳ್ಳಿ, ನಮ್ಮ ಕತೆಯ ಮುಖ್ಯ ವ್ಯಕ್ತಿ ಇವನೇ.

ಟೆಂಪಲ್ ಆಫ್ ದ ಡಾಗ್ ಹುಟ್ಟಿದ್ದು ಸತ್ತುಹೋದ ಗೆಳೆಯನಿಗಾಗಿ. ನಾಲ್ಕು ವರ್ಷದ ನಂತರ, ಬದುಕಿರೋ ಗೆಳೆಯನಿಗಾಗಿ ಬ್ಯಾಂಡ್ ಮಾಡೋ ಯೋಚನೆ ಮೆಕ್ರೆಡಿಗೆ ಬಂತು. ಅಷ್ಟರೊಳಗೆ, 1994ರ ಏಪ್ರಿಲ್ 5ರಂದು, ನಿರ್ವಾಣದ ಕರ್ಟ್ ಕೊಬೇನ್ ಕೂಡ ಹೋಗಿಬಿಟ್ಟಿದ್ದ.

ನಾಲ್ಕು ಜನ

1994ರಲ್ಲಿ ಪರ್ಲ್ ಜ್ಯಾಮ್ ತನ್ನ ಮೂರನೇ ಆಲ್ಬಮ್ ‘ವೈಟಾಲಜಿ’ ಮಾಡ್ತಿತ್ತು. ಆಗ ಮೆಕ್ರೆಡಿ ಕುಡಿತ ಮತ್ತು ಡ್ರಗ್ಸ್ ಬಿಡೋಕೆ ಮಿನ್ನೆಸೋಟದ ಒಂದು ಚಿಕಿತ್ಸಾ ಕೇಂದ್ರಕ್ಕೆ ಸೇರಿದ. ಅಲ್ಲಿ ಪರಿಚಯ ಆದವನು ಜಾನ್ ಬೇಕರ್ ಸೌಂಡರ್ಸ್. ಬೇಸ್ ಗಿಟಾರ್ ವಾದಕ, ಬ್ಲೂಸ್ ಸಂಗೀತದ ಹಿನ್ನೆಲೆಯವನು. ವಯಸ್ಸಲ್ಲಿ ಉಳಿದವರಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಅವನೂ ಚಟ ಬಿಡೋಕೆ ಬಂದವನೇ.

ಇಬ್ಬರೂ ಸಿಯಾಟಲ್‌ಗೆ ವಾಪಸ್ ಬಂದು ಬ್ಯಾಂಡ್ ಮಾಡೋಣ ಅಂತ ನಿರ್ಧರಿಸಿದರು. ಡ್ರಮ್ಸ್‌ಗೆ ಸ್ಕ್ರೀಮಿಂಗ್ ಟ್ರೀಸ್ ಬ್ಯಾಂಡಿನ ಬ್ಯಾರೆಟ್ ಮಾರ್ಟಿನ್ ಬಂದ. ಗಾಯಕ ಬೇಕಿತ್ತು. ಮೆಕ್ರೆಡಿ ಕರೆದಿದ್ದು ಆಲಿಸ್ ಇನ್ ಚೈನ್ಸ್‌ನ ಲೇನ್ ಸ್ಟೇಲಿಯನ್ನ.

ಆ ಹೊತ್ತಿಗೆ ಸ್ಟೇಲಿ ಪರಿಸ್ಥಿತಿ ಚೆನ್ನಾಗಿರಲಿಲ್ಲ. 1994ರ ಬೇಸಿಗೆಯಲ್ಲಿ ಆಲಿಸ್ ಇನ್ ಚೈನ್ಸ್, ಮೆಟಾಲಿಕಾ ಜೊತೆಗಿನ ಪ್ರವಾಸವನ್ನೇ ಕೈಬಿಟ್ಟಿತ್ತು, ಅವನ ಚಟದ ಕಾರಣಕ್ಕೆ. ಮೆಕ್ರೆಡಿಯ ಲೆಕ್ಕಾಚಾರ ಸರಳ: ಬಿಟ್ಟಿರೋರ ಜೊತೆ ಇದ್ರೆ, ದಿನಾ ಕೆಲಸ ಇದ್ರೆ, ಸ್ಟೇಲಿಗೂ ಬಿಡೋ ಮನಸ್ಸು ಬರಬಹುದು. ಬುದ್ಧಿ ಹೇಳೋದು ಬೇಡ, ನಾವು ಬಿಟ್ಟು ತೋರಿಸೋಣ. ತಾನು ಉದಾಹರಣೆಯಾಗಿ ನಿಲ್ಲಬೇಕು ಅಂತಿದ್ದೆ ಅಂತ ಮೆಕ್ರೆಡಿ ಆಮೇಲೆ ಹೇಳಿಕೊಂಡಿದ್ದಾನೆ.

ನಮ್ಮೂರಲ್ಲೂ ಇಂಥ ಗೆಳೆಯರು ಇರ್ತಾರೆ ನೋಡಿ. ಒಬ್ಬ ಹುಡುಗ ಸಂಜೆ ಆದ್ರೆ ಬಾರ್ ಕಡೆ ಹೋಗ್ತಾನೆ ಅಂತ ಗೊತ್ತಾದ್ರೆ, ಅವನಿಗೆ ಉಪದೇಶ ಮಾಡಲ್ಲ. “ಬಾರೋ, ವಾಲಿಬಾಲ್ ಆಡೋಣ” ಅಂತ ಆರು ಗಂಟೆಗೆ ಮನೆ ಮುಂದೆ ಬಂದು ನಿಲ್ತಾರೆ. ಮೆಕ್ರೆಡಿ ಮಾಡಿದ್ದು ಹೆಚ್ಚು ಕಡಿಮೆ ಅದನ್ನೇ. ಅವನ ಹತ್ರ ವಾಲಿಬಾಲ್ ಬದಲು ಗಿಟಾರ್ ಇತ್ತು.

1994ರ ಅಕ್ಟೋಬರ್ 12ರಂದು ಸಿಯಾಟಲ್‌ನ ಕ್ರೊಕೊಡೈಲ್ ಕೆಫೆಯಲ್ಲಿ ಮೊದಲ ಸಲ ವೇದಿಕೆ ಹತ್ತಿದರು. ಮುಂಚೆ ಪ್ರಚಾರ ಇಲ್ಲ. ಹಾಡುಗಳೂ ಪೂರ್ತಿ ತಯಾರಾಗಿರಲಿಲ್ಲ, ಬಾರಿಸ್ತಾ ಬಾರಿಸ್ತಾ ಕಟ್ಟಿಕೊಂಡರು. ಆಗ ಬ್ಯಾಂಡಿನ ಹೆಸರು ‘ದ ಗೇಸಿ ಬಂಚ್’. ಆಮೇಲೆ ಮ್ಯಾಡ್ ಸೀಸನ್ ಅಂತ ಬದಲಾಯ್ತು. ಪರ್ಲ್ ಜ್ಯಾಮ್ ತನ್ನ ಮೊದಲ ಆಲ್ಬಮ್ ಮಿಕ್ಸ್ ಮಾಡಿದ್ದು ಇಂಗ್ಲೆಂಡಿನ ಸರ‍್ರೆ ಪ್ರದೇಶದಲ್ಲಿ. ಅಲ್ಲಿ ಅಮಲು ತರಿಸೋ ಅಣಬೆ ಏಳೋ ಕಾಲಕ್ಕೆ ಹಾಗೆ ಹೆಸರು. ಚಟ ಬಿಡೋಕೆ ಸೇರಿದ ತಂಡಕ್ಕೆ ಅಮಲಿನ ಕಾಲದ ಹೆಸರು! ತಮ್ಮ ಬದುಕಿನ ಹಳೇ ಹುಚ್ಚು ಋತುವನ್ನ ತಾವೇ ಹೆಸರಿಟ್ಟು ಕರೆದ ಹಾಗಿದೆ.

1995ರ ಜನವರಿ 8ರಂದು ಪರ್ಲ್ ಜ್ಯಾಮ್ ‘ಸೆಲ್ಫ್ ಪೊಲ್ಯೂಷನ್ ರೇಡಿಯೊ’ ಅಂತ ಗಂಟೆಗಟ್ಟಲೆ ಕಾರ್ಯಕ್ರಮವನ್ನ ಸ್ಯಾಟಲೈಟ್ ಮೂಲಕ ಬಿಟ್ಟಿತು. ಯಾವ ರೇಡಿಯೊ ಸ್ಟೇಷನ್ ಬೇಕಾದ್ರೂ ಹಿಡಿದು ಪ್ರಸಾರ ಮಾಡಬಹುದಿತ್ತು. ಅದರಲ್ಲೂ ಮ್ಯಾಡ್ ಸೀಸನ್ ಎರಡು ಹಾಡು ಹಾಡಿತು. ಒಂಥರಾ ಆ ಕಾಲದ ಪಾಡ್‌ಕಾಸ್ಟ್ ಅನ್ನಿ.

ಆಲ್ಬಮ್ಮು, ಅದರ ಲೆಕ್ಕ

ಸಿಯಾಟಲ್‌ನ ಬ್ಯಾಡ್ ಅನಿಮಲ್ಸ್ ಸ್ಟುಡಿಯೊದಲ್ಲಿ ಆಲ್ಬಮ್ ರೆಕಾರ್ಡ್ ಆಯ್ತು. ಪರ್ಲ್ ಜ್ಯಾಮ್‌ಗೆ ಸೌಂಡ್ ಎಂಜಿನಿಯರ್ ಆಗಿದ್ದ ಬ್ರೆಟ್ ಎಲಿಯಾಸನ್ ಇವರ ಜೊತೆ ಸೇರಿ ನಿರ್ಮಾಣ ಮಾಡಿದ. ಕೆಲಸ ನಡೆದದ್ದು ಬೇಗ, ದಿನಗಳ ಲೆಕ್ಕದಲ್ಲಿ. ಹೆಸರು ‘ಅಬೌವ್’. ಹತ್ತು ಹಾಡು. 1995ರ ಮಾರ್ಚ್ 14ರಂದು ಕೊಲಂಬಿಯಾ ಕಂಪನಿಯಿಂದ ಬಿಡುಗಡೆ.

ನಾನು ಬಿಕಾಂ ಓದಿದವನು, ಲೆಕ್ಕ ಮೊದಲು ಕಣ್ಣಿಗೆ ಬೀಳುತ್ತೆ. ಸೂಪರ್‌ಗ್ರೂಪ್‌ಗಳಿಗೆ ಇರೋ ದೊಡ್ಡ ಕಾಯಿಲೆ ಅಂದ್ರೆ, ಅದರ ಪ್ರತಿಯೊಬ್ಬ ಸದಸ್ಯನೂ ಬೇರೆ ಕಡೆ ಸಾಲಗಾರ. ಅವನ ಸಮಯ, ಧ್ವನಿ, ಹೆಸರು ಎಲ್ಲ ಇನ್ನೊಂದು ಬ್ಯಾಂಡಿನ ಆಸ್ತಿ. ಅಲ್ಲಿಂದ ಎರವಲು ತಂದ ದಿನಗಳಲ್ಲೇ ಇಲ್ಲಿ ಕೆಲಸ ಆಗಬೇಕು. ಮೆಕ್ರೆಡಿಗೆ ಪರ್ಲ್ ಜ್ಯಾಮ್ ಕಾಯ್ತಿತ್ತು, ಮಾರ್ಟಿನ್‌ಗೆ ಸ್ಕ್ರೀಮಿಂಗ್ ಟ್ರೀಸ್, ಸ್ಟೇಲಿಗೆ ಆಲಿಸ್ ಇನ್ ಚೈನ್ಸ್. ಇಂಥ ಬ್ಯಾಂಡ್‌ಗೆ ವರ್ಷಗಟ್ಟಲೆ ಪ್ರವಾಸ ಹೋಗೋ ಅವಕಾಶ ಇರಲ್ಲ. ಹಾಗಿದ್ದೂ ‘ಅಬೌವ್’ ಬಿಲ್‌ಬೋರ್ಡ್ ಪಟ್ಟಿಯಲ್ಲಿ 24ನೇ ಸ್ಥಾನಕ್ಕೆ ಏರಿತು, ಅಮೆರಿಕದಲ್ಲಿ ಗೋಲ್ಡ್ ಮಾನ್ಯತೆ ಪಡೀತು. ಗೋಲ್ಡ್ ಅಂದ್ರೆ ಐದು ಲಕ್ಷ ಪ್ರತಿ.

ಆಲ್ಬಮ್ಮಿನ ಮುಖಪುಟದ ಚಿತ್ರ ಬರೆದವನೂ ಸ್ಟೇಲಿಯೇ, ತನ್ನ ಮತ್ತು ಗೆಳತಿ ಡೆಮ್ರಿ ಪ್ಯಾರಟ್‌ಳ ಒಂದು ಫೋಟೊ ನೋಡಿಕೊಂಡು. ಆ ದಿನಗಳಲ್ಲಿ ಅವನು ಓದ್ತಿದ್ದದ್ದು ಖಲೀಲ್ ಗಿಬ್ರಾನ್‌ನ ‘ದ ಪ್ರಾಫೆಟ್’. ಕನ್ನಡದಲ್ಲೂ ಅನುವಾದ ಆಗಿರೋ ಪುಸ್ತಕ. ಅದರ ಪ್ರಭಾವ ಹಾಡುಗಳಲ್ಲಿದೆ, ಅದರಲ್ಲೂ ‘ರಿವರ್ ಆಫ್ ಡಿಸೀಟ್’ನಲ್ಲಿ. ನನ್ನ ನೋವಿಗೆ ಯಾರು ಹೊಣೆ ಅನ್ನೋ ಪ್ರಶ್ನೆ ಕೇಳಿಕೊಂಡು, ಬೆರಳನ್ನ ತನ್ನ ಕಡೆಗೇ ತಿರುಗಿಸಿಕೊಳ್ಳೋ ಹಾಡು ಅದು. ‘ವೇಕ್ ಅಪ್’ ಅನ್ನೋ ಮೊದಲ ಹಾಡಂತೂ ಹೆಸರೇ ಹೇಳುವ ಹಾಗೆ ಎಬ್ಬಿಸೋ ಹಾಡು. ಏಳು ನಿಮಿಷಕ್ಕೂ ಹೆಚ್ಚು ಉದ್ದ. ಅವನು ಎಬ್ಬಿಸ್ತಿರೋದು ಇನ್ಯಾರನ್ನೋ ಅನ್ನಿಸುತ್ತೆ, ಸ್ವಲ್ಪ ಹೊತ್ತಿಗೆ ತನ್ನನ್ನೇ ಅಂತ ಗೊತ್ತಾಗುತ್ತೆ.

ಆ ರಾತ್ರಿ

ಈಗ ಫಿಲ್ಮಿಗೆ ಬರೋಣ.

ಮೂರ್ ಥಿಯೇಟರ್ 1907ರಲ್ಲಿ ಬಾಗಿಲು ತೆರೆದದ್ದು. ಸಿಯಾಟಲ್‌ನಲ್ಲಿ ಇವತ್ತಿಗೂ ನಡೀತಿರೋ ರಂಗಮಂದಿರಗಳಲ್ಲಿ ಅದೇ ಹಳೆಯದು. ಸುಮಾರು 1,800 ಆಸನ. ಗ್ರಂಜ್ ಇತಿಹಾಸದಲ್ಲಿ ಈ ಕಟ್ಟಡಕ್ಕೆ ವಿಶೇಷ ಸ್ಥಾನ ಇದೆ. 1990ರ ಡಿಸೆಂಬರ್ 22ರಂದು ಆಲಿಸ್ ಇನ್ ಚೈನ್ಸ್ ಇಲ್ಲೇ ಹಾಡಿತ್ತು, ಅದನ್ನೂ ಚಿತ್ರೀಕರಿಸಿ ‘ಲೈವ್ ಫೇಸ್‌ಲಿಫ್ಟ್’ ಅಂತ ಬಿಟ್ಟಿದ್ದರು. 1992ರ ಜನವರಿಯಲ್ಲಿ ಪರ್ಲ್ ಜ್ಯಾಮ್ ತನ್ನ ‘ಈವನ್ ಫ್ಲೋ’ ವಿಡಿಯೊಗೆ ಚಿತ್ರೀಕರಣ ಮಾಡಿದ್ದೂ ಇಲ್ಲೇ.

ಹಾಗಾಗಿ ನೀವು ಒಂದು ಕೆಲಸ ಮಾಡಬಹುದು. ಒಂದೇ ವೇದಿಕೆ ಮೇಲೆ ಒಬ್ಬನೇ ಮನುಷ್ಯನನ್ನ ನಾಲ್ಕು ವರ್ಷ ನಾಲ್ಕು ತಿಂಗಳ ಅಂತರದಲ್ಲಿ ನೋಡಬಹುದು. 1990ರಲ್ಲಿ ಸ್ಟೇಲಿಗೆ 23 ವರ್ಷ. 1995ರಲ್ಲಿ 27. ಅಂದ್ರೆ ಆ ರಾತ್ರಿ ಹಾಡಿದವನು ನನಗಿಂತ ಚಿಕ್ಕವನು ಅಥವಾ ನನ್ನದೇ ವಯಸ್ಸಿನವನು. ಈ ಮಾತು ತಲೆಗೆ ಹೊಳೆದಾಗ ನಾನು ವಿಡಿಯೊ ಸ್ವಲ್ಪ ಹೊತ್ತು ನಿಲ್ಲಿಸಿಬಿಟ್ಟೆ.

ಕಾರ್ಯಕ್ರಮ ಶುರುವಾಗೋದು ‘ವೇಕ್ ಅಪ್’ನಿಂದ. ರಾಕ್ ಕಾರ್ಯಕ್ರಮ ಅಂದ್ರೆ ಅಬ್ಬರದಿಂದ ಶುರು ಮಾಡೋದು ರೂಢಿ. ಇವರು ಇದ್ದಿದ್ದರಲ್ಲೇ ನಿಧಾನದ ಹಾಡನ್ನ ಮೊದಲು ಇಟ್ಟರು. ಆ ಹಾಡು ನಿಂತಿರೋದೇ ಬೇಸ್ ಮೇಲೆ. ಅಂದ್ರೆ ನಾಲ್ಕು ಜನರಲ್ಲಿ ಹೆಸರು ಕಡಿಮೆ ಇದ್ದ ಸೌಂಡರ್ಸ್ ದಾರಿ ಹಾಕಿಕೊಡ್ತಾನೆ, ಉಳಿದವರು ಅವನ ಹಿಂದೆ ಬರ್ತಾರೆ. ಬ್ಲೂಸ್‌ನವರಿಗೆ ಇರೋ ಗುಣ ಅದು, ಕಡಿಮೆ ಸ್ವರ ಬಾರಿಸಿ ಜಾಗ ಬಿಡೋದು. ಈ ಹಾಡಲ್ಲಿ ಸ್ವರಗಳ ನಡುವೆ ಇರೋ ಜಾಗದಲ್ಲೇ ಸ್ಟೇಲಿಯ ಧ್ವನಿ ಉಸಿರಾಡುತ್ತೆ.

ಆಲ್ಬಮ್ ಬಂದು ಆರೂವರೆ ವಾರ ಆಗಿತ್ತಷ್ಟೇ. ಕೈಯಲ್ಲಿ ಇರೋದು ಹತ್ತು ಹಾಡು. ಅದಕ್ಕೇ ಒಂದು ಹಾಡು ಬೇರೆ ಕಡೆಯಿಂದ ತಂದರು, ಜಾನ್ ಲೆನನ್ 1971ರಲ್ಲಿ ‘ಇಮ್ಯಾಜಿನ್’ ಆಲ್ಬಮ್‌ನಲ್ಲಿ ಹಾಡಿದ್ದ, ಸೈನಿಕ ಆಗಲಾರೆ ಅನ್ನೋ ಹಾಡು. ಲೆನನ್ ಅದನ್ನ ಯುದ್ಧದ ವಿರುದ್ಧ ಬರೆದದ್ದು. ಈ ತಂಡದ ಬಾಯಲ್ಲಿ ನನಗೆ ಅದು, ನನ್ನಿಂದ ಯಾರೂ ಏನೂ ನಿರೀಕ್ಷೆ ಮಾಡಬೇಡಿ ಅನ್ನೋ ಮೊರೆಯ ಹಾಗೆ ಕೇಳಿಸುತ್ತೆ.

‘ಲಾಂಗ್ ಗಾನ್ ಡೇ’ ಹಾಡಿಗೆ ಸ್ಕ್ರೀಮಿಂಗ್ ಟ್ರೀಸ್‌ನ ಗಾಯಕ ಮಾರ್ಕ್ ಲ್ಯಾನೆಗನ್ ಅತಿಥಿಯಾಗಿ ಬರ್ತಾನೆ, ಸ್ಯಾಕ್ಸೊಫೋನ್‌ಗೆ ಸ್ಕೆರಿಕ್. ಲ್ಯಾನೆಗನ್‌ದು ಪಾತಾಳದಿಂದ ಬರೋ ಗಡಸು ಕಂಠ. ಸ್ಟೇಲಿಯದು ಮೇಲೆ ಮೇಲೆ ಏರಿ ಕೊಯ್ಯೋ ಕಂಠ. ಎರಡೂ ಸೇರಿದಾಗ ಗ್ರಂಜ್ ಅನ್ನೋ ಹಣೆಪಟ್ಟಿ ಮರೆತೇ ಹೋಗುತ್ತೆ. ಜಾಸ್ ಇದೆ, ಬ್ಲೂಸ್ ಇದೆ. ನಮ್ಮಲ್ಲಿ ರಾತ್ರಿ ಭಜನೆ ನಡೆಯೋವಾಗ ಕೊನೆಯ ಜಾವದಲ್ಲಿ ಗದ್ದಲ ಎಲ್ಲ ಇಳಿದು ಇಬ್ಬರು ಮೂವರು ಹಳಬರು ಮಾತ್ರ ಹಾಡ್ತಿರ್ತಾರಲ್ಲ, ಆ ಹೊತ್ತಿನ ಶಾಂತಿ ಇದೆ.

‘ನವೆಂಬರ್ ಹೋಟೆಲ್’ ಅನ್ನೋದರಲ್ಲಿ ಮಾತೇ ಇಲ್ಲ, ಬರೀ ವಾದ್ಯ. ಅಲ್ಲಿ ಮೆಕ್ರೆಡಿಯ ಗಿಟಾರ್‌ಗೆ ಪೂರ್ತಿ ಬಿಡುವು. ಪರ್ಲ್ ಜ್ಯಾಮ್‌ನಲ್ಲಿ ಅವನು ಐದು ಜನರಲ್ಲಿ ಒಬ್ಬ. ಇಲ್ಲಿ ಮನೆಯ ಯಜಮಾನ, ಬಂದವರನ್ನೆಲ್ಲ ಕರೆದವನು ಅವನೇ.

ಸ್ಟುಡಿಯೊದಲ್ಲಿ ತಪ್ಪಾದ್ರೆ ಮತ್ತೆ ಹಾಡಬಹುದು. ವೇದಿಕೆ ಮೇಲೆ ಆ ಸೌಲಭ್ಯ ಇಲ್ಲ. ಒಬ್ಬ ತಡವರಿಸಿದ್ರೆ ಇನ್ನೊಬ್ಬ ಹಿಡ್ಕೋಬೇಕು. ನಾಲ್ಕು ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ಇಡೀ ರಾತ್ರಿ ದಾಟಿದ್ದು ಈ ಫಿಲ್ಮಲ್ಲಿ ಕಾಣುತ್ತೆ. ಇವರು ಸೇರಿದ್ದೂ ಅದಕ್ಕೇ ಅಲ್ವಾ?

ಆಮೇಲೆ

ಆಮೇಲಿನದು ಬೇಗ ಹೇಳಿಬಿಡ್ತೀನಿ.

ಎಲ್ಲರೂ ತಮ್ಮ ತಮ್ಮ ಬ್ಯಾಂಡ್‌ಗಳಿಗೆ ಹೋದರು. ಸ್ಟೇಲಿ ಚಟದಿಂದ ಆಚೆ ಬರಲಿಲ್ಲ. 1996ರ ಏಪ್ರಿಲ್‌ನಲ್ಲಿ ಆಲಿಸ್ ಇನ್ ಚೈನ್ಸ್‌ನ ಪ್ರಸಿದ್ಧ ‘ಅನ್‌ಪ್ಲಗ್ಡ್’ ಕಾರ್ಯಕ್ರಮ ಆಯ್ತು. ಅದೇ ಜುಲೈ 3ರಂದು ಅವನು ಆ ಬ್ಯಾಂಡ್ ಜೊತೆ ಕೊನೆಯ ಸಲ ವೇದಿಕೆ ಹತ್ತಿದ್ದು. ಅಕ್ಟೋಬರ್‌ನಲ್ಲಿ ಡೆಮ್ರಿ ತೀರಿಕೊಂಡಳು. ಆಮೇಲೆ ಅವನು ಹೆಚ್ಚು ಕಡಿಮೆ ಮನೆಯೊಳಗೇ ಉಳಿದುಬಿಟ್ಟ. 1997ರ ಹೊತ್ತಿಗೆ ಉಳಿದವರು ಮ್ಯಾಡ್ ಸೀಸನ್‌ನ ಎರಡನೇ ಆಲ್ಬಮ್‌ಗೆ ಸಂಗೀತ ರೆಕಾರ್ಡ್ ಮಾಡಿದರು, ಸ್ಟೇಲಿ ಬರಲಿಲ್ಲ. ಲ್ಯಾನೆಗನ್‌ನ ಗಾಯಕನಾಗಿ ಇಟ್ಟುಕೊಂಡು ‘ಡಿಸ್‌ಇನ್ಫರ್ಮೇಷನ್’ ಅನ್ನೋ ಹೆಸರಲ್ಲಿ ಮುಂದುವರಿಸೋ ಯೋಚನೆ ಇತ್ತು. 1999ರ ಜನವರಿ 15ರಂದು ಸೌಂಡರ್ಸ್ ಹೆರಾಯಿನ್‌ನಿಂದ ಸತ್ತ. ಅಲ್ಲಿಗೆ ಬ್ಯಾಂಡ್ ಮುಗೀತು.

2002ರ ಏಪ್ರಿಲ್ 5, ಸ್ಟೇಲಿ ಸತ್ತ ದಿನ. ಗೊತ್ತಾಗಿದ್ದು ಎರಡು ವಾರದ ನಂತರ, ಏಪ್ರಿಲ್ 19ಕ್ಕೆ. ವಯಸ್ಸು 34. ಕರ್ಟ್ ಕೊಬೇನ್ ಸತ್ತದ್ದೂ ಏಪ್ರಿಲ್ 5ರಂದೇ ಅಂತ ಆಗಲೇ ಹೇಳಿದೆ. ಇನ್ನೊಂದು ಮಾತಿದೆ. ಏಪ್ರಿಲ್ 5 ಮೈಕ್ ಮೆಕ್ರೆಡಿಯ ಹುಟ್ಟಿದ ದಿನ.

ಕೊನೆ ಗೊತ್ತಿರೋ ಕಣ್ಣು

ಇಷ್ಟು ಕೇಳಿದ ಮೇಲೆ ನೀವು ಫಿಲ್ಮ್ ನೋಡಿದ್ರೆ ಏನಾಗುತ್ತೆ? ಪ್ರತಿ ಹಾಡಲ್ಲೂ ಸಾವು ಕಾಣುತ್ತೆ. “ನೋಡು, ಅವನಿಗೆ ಮೊದಲೇ ಗೊತ್ತಿತ್ತು” ಅನ್ನಿಸುತ್ತೆ. ಸೌಂಡರ್ಸ್ ಬೇಸ್ ಹಿಡ್ಕೊಂಡು ನಿಂತಿದ್ರೆ ನಾಲ್ಕು ವರ್ಷದ ನಂತರದ ಜನವರಿ ನೆನಪಾಗುತ್ತೆ.

ಇದು ಇತಿಹಾಸ ಓದುವಾಗ ನಾವೆಲ್ಲ ಬೀಳೋ ಹಳ್ಳ. ದುರ್ಗದ ಕೋಟೆಗೆ ಹೋದವರು ಮದಕರಿ ನಾಯಕನ ಕತೆಯನ್ನ 1779ರ ಸೋಲಿನಿಂದ ಹಿಂದಕ್ಕೆ ಓದ್ತಾರೆ. ಪ್ರತಿ ಬತೇರಿ ನೋಡಿದ್ರೂ ಬೀಳೋಕೇ ಕಟ್ಟಿದ್ದು ಅನ್ನೋ ಹಾಗೆ ನಿಟ್ಟುಸಿರು ಬಿಡ್ತಾರೆ. ಕಟ್ಟಿದವರು ಬೀಳಲಿ ಅಂತ ಕಟ್ಟಿರಲಿಲ್ಲ. ನಿಲ್ಲಲಿ ಅಂತ ಕಟ್ಟಿದ್ದರು, ತಲೆಮಾರುಗಳ ಕಾಲ ನಿಂತೂ ಇತ್ತು.

1995ರ ಏಪ್ರಿಲ್ 29ರ ರಾತ್ರಿ ವೇದಿಕೆ ಮೇಲಿದ್ದ ನಾಲ್ವರಿಗೆ ಮುಂದಿನದು ತೆರೆದೇ ಇತ್ತು. ಮೆಕ್ರೆಡಿ ಮತ್ತೆ ಜಾರಬಹುದಿತ್ತು, ಸ್ಟೇಲಿ ಉಳಿಯಬಹುದಿತ್ತು. ಸ್ಟೇಲಿ ಆ ದಿನಗಳಲ್ಲಿ ಚಟ ಗೆದ್ದಿದ್ದ ಅಂತ ನಾನು ಹೇಳ್ತಿಲ್ಲ, ಹೋರಾಟ ನಡೀತಿತ್ತು. ಹೋರಾಟ ನಡೀತಿತ್ತು ಅಂದ್ರೇನೇ ಫಲಿತಾಂಶ ಇನ್ನೂ ಬಂದಿರಲಿಲ್ಲ ಅಂತ. ಫಿಲ್ಮಲ್ಲಿ ಇರೋದು ಆ ಹೋರಾಟದ ಮಧ್ಯದ ಒಂದು ಒಳ್ಳೇ ದಿನ. ಅದನ್ನ ಶೋಕದ ವಿಡಿಯೊ ಮಾಡಿಬಿಟ್ರೆ ನಾವು ಅವರ ಪ್ರಯತ್ನವನ್ನೇ ಅಳಿಸಿ ಹಾಕಿದ ಹಾಗೆ.

ಇನ್ನೊಂದು ನಂಬಿಕೆಯ ಬಗ್ಗೆಯೂ ಹೇಳಬೇಕು. ಕುಡಿದ್ರೆ, ಡ್ರಗ್ಸ್ ತಗೊಂಡ್ರೆ ಕಲೆ ಹುಟ್ಟುತ್ತೆ, ಹಾಳಾದವನೇ ದೊಡ್ಡ ಕಲಾವಿದ ಅನ್ನೋ ನಂಬಿಕೆ. ರೀಲ್ಸ್‌ನಲ್ಲಿ ಸ್ಟೇಲಿಯ ಮುಖ ಹಾಕಿ, ಸಿಗರೇಟಿನ ಹೊಗೆ ಸೇರಿಸಿ, ನೋವೇ ಸಂಗೀತ ಅಂತ ಬರೆಯೋರನ್ನ ನೀವೂ ನೋಡಿರ್ತೀರಿ. ಈ ಬ್ಯಾಂಡಿನ ದಾಖಲೆ ಅದಕ್ಕೆ ವಿರುದ್ಧ ಇದೆ. ಇವರು ಸೇರಿದ್ದು ಬಿಡೋಕೆ. ಆಲ್ಬಮ್ ಬೇಗ ಮುಗಿದದ್ದು ತಂಡದ ಅರ್ಧ ಜನ ಎಚ್ಚರದಲ್ಲಿದ್ದು ಕೆಲಸ ಮಾಡಿದ್ದರಿಂದ. ಹೆರಾಯಿನ್ ಗೆದ್ದ ಮೇಲೆ ಸ್ಟೇಲಿಯಿಂದ ಬಂದದ್ದೆಷ್ಟು? 1998ರಲ್ಲಿ ಆಲಿಸ್ ಇನ್ ಚೈನ್ಸ್‌ಗೆ ಎರಡು ಹೊಸ ಹಾಡು, ಬಿಟ್ರೆ ಹೆಚ್ಚೇನಿಲ್ಲ. ಬ್ಯಾಲೆನ್ಸ್ ಶೀಟ್ ಓದೋಕೆ ಬರೋ ಯಾರಿಗಾದ್ರೂ ಇದು ಅರ್ಥ ಆಗುತ್ತೆ. ಚಟ ಬಂಡವಾಳ ಹಾಕಲ್ಲ, ಇದ್ದ ಬಂಡವಾಳವನ್ನ ತಿನ್ನುತ್ತೆ.

ಹಾಗಾದ್ರೆ ಮೆಕ್ರೆಡಿಯ ಯೋಜನೆ ಸೋತಿತಾ? ಗೆಳೆಯನನ್ನ ಉಳಿಸಲಿಲ್ಲ, ನಿಜ. ಗೆಳೆತನ ಚಿಕಿತ್ಸೆ ಅಲ್ಲ. ಜೊತೆಗೆ ನಿಲ್ಲೋರು ಬೇಕೇ ಬೇಕು, ಆದರೆ ಅದರ ಜೊತೆಗೆ ಡಾಕ್ಟರೂ ಬೇಕು, ವರ್ಷಗಟ್ಟಲೆ ಆರೈಕೆಯೂ ಬೇಕು, ಚಟದಲ್ಲಿರೋನ ಒಪ್ಪಿಗೆಯೂ ಬೇಕು. ಮೆಕ್ರೆಡಿ ಮುಂದೆ ಚೇತರಿಸಿಕೊಂಡ. 2018ರಲ್ಲಿ ಮ್ಯೂಸಿಕೇರ್ಸ್ ಸಂಸ್ಥೆ, ಚಟದಿಂದ ಹೊರಬರುವವರಿಗೆ ನೆರವಾದ ಕೆಲಸಕ್ಕೆ ಅವನನ್ನ ಗೌರವಿಸಿತು. ಮಾರ್ಟಿನ್ ಜನಾಂಗ ಸಂಗೀತ ಅಧ್ಯಯನ ಮಾಡಿ, ಪೆರು ದೇಶದ ಅಮೆಜಾನ್ ಕಾಡಿನ ಶಿಪೀಬೊ ಜನರ ಹಾಡುಗಳನ್ನ ದಾಖಲಿಸಿದ.

ದಾಖಲಿಸೋದರ ಬೆಲೆ ನಮ್ಮ ಜಿಲ್ಲೆಗೂ ಗೊತ್ತು. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯ ಹಾಡುಗಳು ಇವತ್ತು ಉಳಿದಿದ್ರೆ, ಕೃಷ್ಣಮೂರ್ತಿ ಹನೂರರು ಹಟ್ಟಿಗೆ ಹೋಗಿ ಕೂತು ಕೇಳಿ ಸಂಗ್ರಹಿಸಿದ್ದರಿಂದ. ಹಾಗೆ ಯಾರೂ ಹೋಗದೇ ಇದ್ದ ಹಟ್ಟಿಗಳು ಎಷ್ಟೋ. ಮ್ಯಾಡ್ ಸೀಸನ್ ವಿಷಯದಲ್ಲೂ ಆ ರಾತ್ರಿ ಕ್ಯಾಮೆರಾ ಇರದಿದ್ರೆ, ನಾಲ್ವರು ಜೊತೆಯಲ್ಲಿ ನಿಂತಿದ್ದ ರೀತಿ ನೋಡಿದವರ ನೆನಪಲ್ಲಷ್ಟೇ ಇರ್ತಿತ್ತು.

2013ರಲ್ಲಿ ‘ಅಬೌವ್’ ಮರುಬಿಡುಗಡೆ ಆದಾಗ ಮೂರ್ ಥಿಯೇಟರಿನ ಕಾರ್ಯಕ್ರಮವನ್ನೂ ಜೊತೆಗೆ ಕೊಟ್ಟರು. ಎರಡನೇ ಆಲ್ಬಮ್‌ಗೆ ಅಂತ ಮಾಡಿಟ್ಟಿದ್ದ ಸಂಗೀತಕ್ಕೆ ಲ್ಯಾನೆಗನ್ ಮೂರು ಹಾಡು ಬರೆದು ಹಾಡಿದ. 2015ರ ಜನವರಿಯಲ್ಲಿ ಮೆಕ್ರೆಡಿ, ಮಾರ್ಟಿನ್ ಇಬ್ಬರೂ ಸಿಯಾಟಲ್ ಸಿಂಫನಿ ಜೊತೆ ಈ ಹಾಡುಗಳನ್ನ ಮತ್ತೆ ಬಾರಿಸಿದರು, ಕ್ರಿಸ್ ಕಾರ್ನೆಲ್ ಹಾಡಿದ. ಕಾರ್ನೆಲ್ 2017ರಲ್ಲಿ, ಲ್ಯಾನೆಗನ್ 2022ರಲ್ಲಿ ತೀರಿಕೊಂಡರು. ಮೆಕ್ರೆಡಿ, ಮಾರ್ಟಿನ್ ಇವತ್ತಿಗೂ ಬಾರಿಸ್ತಿದ್ದಾರೆ.

ಕೇಳೋ ಮುಂಚೆ ಎರಡು ಮಾತು

‘ಲೈವ್ ಅಟ್ ದ ಮೂರ್’ ಕ್ಯಾಸೆಟ್ ಬಂದ 1995ರ ಆಗಸ್ಟ್‌ನಲ್ಲೇ, 15ನೇ ತಾರೀಕು, ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಶುರು ಮಾಡಿತ್ತು. ಆ ಕ್ಯಾಸೆಟ್ ನಮ್ಮ ಹಳ್ಳಿಗಳಿಗೆ ಬರೋ ದಾರಿ ಆಗ ಇರಲಿಲ್ಲ. ಇವತ್ತು ಅದೇ ಇಂಟರ್‌ನೆಟ್‌ನಿಂದ ತೋಟದಲ್ಲಿ ಕೂತು ನೋಡಬಹುದು. ನೋಡೋದಾದ್ರೆ ಮೊದಲು ‘ವೇಕ್ ಅಪ್’, ಆಮೇಲೆ ‘ರಿವರ್ ಆಫ್ ಡಿಸೀಟ್’, ಆಮೇಲೆ ‘ಲಾಂಗ್ ಗಾನ್ ಡೇ’ ನೋಡಿ. ಇಯರ್‌ಫೋನ್ ಹಾಕ್ಕೊಳ್ಳಿ, ಬೇಸ್ ಫೋನ್ ಸ್ಪೀಕರ್‌ನಲ್ಲಿ ಕೇಳಿಸಲ್ಲ. ಸೌಂಡರ್ಸ್‌ಗೆ ಅನ್ಯಾಯ ಆಗುತ್ತೆ.

ಎರಡನೇ ಮಾತು. ಕೇಳ್ತಿರೋರಲ್ಲಿ ಯಾರಿಗಾದ್ರೂ, ಅಥವಾ ನಿಮ್ಮ ಅಣ್ಣನಿಗೋ ಗೆಳೆಯನಿಗೋ ಕುಡಿತ ಅಥವಾ ಡ್ರಗ್ಸ್ ಕೈಮೀರ್ತಿದೆ ಅನ್ಸಿದ್ರೆ, 14446 ಅನ್ನೋದು ವ್ಯಸನಮುಕ್ತಿಗೆ ಇರೋ ಸರ್ಕಾರದ ಸಹಾಯವಾಣಿ. ಮನಸ್ಸಿಗೆ ತುಂಬಾ ಭಾರ ಆಗಿದ್ರೆ ಟೆಲಿ ಮನಸ್ 14416. ಎರಡಕ್ಕೂ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿಗೆ ಪ್ರತ್ಯೇಕ ವಿಭಾಗವೇ ಇದೆ. ಗೆಳೆಯನ ಮನೆ ಮುಂದೆ ಸಂಜೆ ಆರಕ್ಕೆ ಹೋಗಿ ನಿಲ್ಲೋದನ್ನ ಮಾತ್ರ ಬಿಡಬೇಡಿ. ಹೋಗುವಾಗ ಈ ನಂಬರೂ ಜೇಬಲ್ಲಿರಲಿ.